ಬಾಸ್ಕೆಟ್‌ಬಾಲ್ ಸ್ಕೋರ್‌ಕಾರ್ಡ್ ಫಾರ್ವರ್ಡ್ ಬಂದಿದೆಯೇ? ಮುಂದೆ ಕಳಿಸುವ ಮುನ್ನ ಒಮ್ಮೆ ಕೂಡಿ ನೋಡಿ

ಬೆಳಿಗ್ಗೆ ವಾಟ್ಸಾಪ್ ತೆರೆದರೆ ಶುಭೋದಯದ ಹೂವಿನ ಚಿತ್ರಗಳ ನಡುವೆ ಒಂದು ಪಟ್ಟಿ. ಮೇಲೆ ಎರಡು ತಂಡಗಳ ಹೆಸರು, ಕೆಳಗೆ ಆಟಗಾರರ ಸಾಲು, ಪಕ್ಕದಲ್ಲಿ ಅಂಕಿಗಳ ರಾಶಿ. ಜೊತೆಗೆ ಒಂದು ಸಾಲು: "ಇವನೇ ಜಗತ್ತಿನ ನಂಬರ್ ಒನ್, ನಂಬದಿದ್ದರೆ ಅಂಕಿ ನೋಡಿ!" ಇನ್ನೊಂದು ಗ್ರೂಪಿನಲ್ಲಿ ಅದೇ ಪಟ್ಟಿಯ ಕೆಳಗೆ ಬೇರೆ ಸಾಲು: "ಇವತ್ತಿನ ಮ್ಯಾಚ್ ಪಕ್ಕಾ ಟಿಪ್, ದುಡ್ಡು ಹಾಕಿ ಡಬಲ್ ಮಾಡಿಕೊಳ್ಳಿ."

ಆಳಂದ, ಅಫಜಲಪುರ, ಜೇವರ್ಗಿ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಆಡುವವರು ಹೆಚ್ಚು. ಬಾಸ್ಕೆಟ್‌ಬಾಲ್ ಬಹಳ ಮಂದಿಗೆ ಮೊಬೈಲಿನಲ್ಲೇ ಪರಿಚಯವಾದ ಆಟ. ಹಾಗಾಗಿ ಪಟ್ಟಿಯಲ್ಲಿ ಏನು ಬರೆದಿದ್ದರೂ ನಂಬಿಬಿಡುವ ಅಪಾಯವಿದೆ. ಒಳ್ಳೆಯ ಸುದ್ದಿ ಏನೆಂದರೆ, ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು, ಅನೇಕ ಸುಳ್ಳು ಪಟ್ಟಿಗಳನ್ನು ನೀವೇ ಹಿಡಿಯಬಹುದು. ಹೇಗೆಂದು ನೋಡೋಣ.

ಒಂದೇ ನೋಟದಲ್ಲಿ

• ಸ್ಕೋರ್‌ಕಾರ್ಡಿನ ಅಂಕಿಗಳು ಒಂದಕ್ಕೊಂದು ತಾಳೆಯಾಗಲೇಬೇಕು. ಆಗದಿದ್ದರೆ ಪಟ್ಟಿಯಲ್ಲಿ ತಪ್ಪಿದೆ, ಇಲ್ಲವೇ ಅದು ಸುಳ್ಳು.
• ಪಾಯಿಂಟ್ ಕಾಲಂ ಒಂದನ್ನೇ ನೋಡಿ ಆಟಗಾರನನ್ನು ಅಳೆಯಲಾಗದು.
• ಶೇಕಡಾ ಲೆಕ್ಕ ಬಂದರೆ "ಎಷ್ಟರಲ್ಲಿ ಎಷ್ಟು?" ಎಂದು ಕೇಳಿ.
• ನಿನ್ನೆಯ ಅಂಕಿ ನಾಳೆಯ ಫಲಿತಾಂಶಕ್ಕೆ ಗ್ಯಾರಂಟಿ ಅಲ್ಲ. ಗ್ಯಾರಂಟಿ ಎಂದು ಹೇಳಿ ದುಡ್ಡು ಕೇಳಿದರೆ ಅದು ಮೋಸ.

ಪಟ್ಟಿಯಲ್ಲಿ ಏನೇನಿರುತ್ತದೆ?

ಬಾಸ್ಕೆಟ್‌ಬಾಲಿನಲ್ಲಿ ಒಂದು ತಂಡದ ಐದು ಜನ ಅಂಗಳದಲ್ಲಿರುತ್ತಾರೆ. ಗೆರೆಯ ಒಳಗಿಂದ ಬುಟ್ಟಿಗೆ ಹಾಕಿದರೆ 2 ಪಾಯಿಂಟ್, ದೂರದ ಕಮಾನಿನ ಗೆರೆಯ ಹೊರಗಿಂದ ಹಾಕಿದರೆ 3. ಎದುರಾಳಿಯ ಫೌಲಿನಿಂದ ಸಿಗುವ ಫ್ರೀ ಥ್ರೋ ಒಂದೊಂದಕ್ಕೆ 1.

ಫೀಲ್ಡ್ ಗೋಲ್: ಆಟ ನಡೆಯುತ್ತಿರುವಾಗ ಎಸೆದ ಎಸೆತಗಳು. "10–22" ಎಂದಿದ್ದರೆ 22 ಎಸೆದು 10 ಬಿದ್ದವು ಎಂದರ್ಥ.
ತ್ರೀ ಪಾಯಿಂಟ್: ಮೇಲಿನ ಲೆಕ್ಕದೊಳಗೇ ಸೇರಿರುವ ದೂರದ ಎಸೆತಗಳು. ಇದನ್ನು ಬೇರೆಯಾಗಿ ಕೂಡಿಸಬಾರದು. ಬಹಳ ಜನ ಎಡವುವುದು ಇಲ್ಲೇ.
ರಿಬೌಂಡ್: ಗುರಿ ತಪ್ಪಿ ಚಿಮ್ಮಿ ಬಂದ ಚೆಂಡನ್ನು ಹಿಡಿದದ್ದು.
ಅಸಿಸ್ಟ್: ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್.
ಸ್ಟೀಲ್: ಎದುರಾಳಿಯಿಂದ ಚೆಂಡು ಕಸಿದುಕೊಂಡದ್ದು.
ಬ್ಲಾಕ್: ಎದುರಾಳಿ ಎಸೆದ ಚೆಂಡನ್ನು ತಡೆದದ್ದು.
ಟರ್ನ್‌ಓವರ್: ಬುಟ್ಟಿಗೆ ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು.
ಪ್ಲಸ್-ಮೈನಸ್: ಆ ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ ಪಾಯಿಂಟಿನಿಂದ, ಅದೇ ಹೊತ್ತಿನಲ್ಲಿ ಬಿಟ್ಟುಕೊಟ್ಟ ಪಾಯಿಂಟ್ ಕಳೆದರೆ ಬರುವ ಅಂಕಿ.

ಸುಳ್ಳು ಪಟ್ಟಿ ಹಿಡಿಯುವ ಐದು ಲೆಕ್ಕ

1. ಆಟಗಾರನ ಪಾಯಿಂಟ್ ಕೂಡಿ. ಒಂದು ನಿಜವಾದ ಉದಾಹರಣೆ. 2006ರ ಜನವರಿ 22ರಂದು ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಕೋಬಿ ಬ್ರಯಾಂಟ್ ಟೊರಾಂಟೊ ರಾಪ್ಟರ್ಸ್ ವಿರುದ್ಧ 81 ಪಾಯಿಂಟ್ ಗಳಿಸಿದರು. ಫೀಲ್ಡ್ ಗೋಲ್ 46ರಲ್ಲಿ 28, ಅದರೊಳಗೆ ತ್ರೀ ಪಾಯಿಂಟ್ 13ರಲ್ಲಿ 7, ಫ್ರೀ ಥ್ರೋ 20ರಲ್ಲಿ 18. ಈಗ ಲೆಕ್ಕ ಹಾಕಿ: 28ರಲ್ಲಿ 7 ಕಳೆದರೆ 21, ಅದಕ್ಕೆ ಎರಡರಂತೆ 42. ಏಳು ಮೂರಲೆ 21. ಫ್ರೀ ಥ್ರೋ 18. ಒಟ್ಟು 81. ತಾಳೆಯಾಯಿತು.

2. ತಂಡದ ಪಾಯಿಂಟ್ ಕೂಡಿ. ಎಲ್ಲ ಆಟಗಾರರ ಪಾಯಿಂಟ್ ಸೇರಿದರೆ ತಂಡದ ಮೊತ್ತ ಬರಬೇಕು. ರಿಬೌಂಡ್ ಮಾತ್ರ ಕೆಲವೊಮ್ಮೆ ಹೆಚ್ಚು ಕಡಿಮೆ ಕಾಣಬಹುದು. ಯಾರೊಬ್ಬರ ಹೆಸರಿಗೂ ಹಾಕಲಾಗದ್ದನ್ನು "ತಂಡದ ರಿಬೌಂಡ್" ಎಂದು ಬರೆಯುತ್ತಾರೆ.

3. ನಿಮಿಷ ಕೂಡಿ. ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಂತೆ ಆಟ 40 ನಿಮಿಷ. ಐದು ಜನಕ್ಕೆ ಒಟ್ಟು 200. ಎನ್‌ಬಿಎಯಲ್ಲಿ ಆಟ 48 ನಿಮಿಷ, ಒಟ್ಟು 240. ಸಮವಾಗಿ ಮುಗಿದು 5 ನಿಮಿಷ ಹೆಚ್ಚುವರಿ ಆಡಿಸಿದರೆ 25 ಸೇರಿಸಿ. ಸೆಕೆಂಡುಗಳನ್ನು ಬಿಟ್ಟು ಬರೆದ ಪಟ್ಟಿಯಲ್ಲಿ ಒಂದೆರಡು ನಿಮಿಷದ ವ್ಯತ್ಯಾಸ ಸಹಜ.

4. ಅಸಿಸ್ಟ್ ನೋಡಿ. ಒಂದು ಅಸಿಸ್ಟ್ ಸಿಗಬೇಕಾದರೆ ಜೊತೆಗಾರ ಚೆಂಡು ಬುಟ್ಟಿಗೆ ಹಾಕಿರಬೇಕು. ತಂಡ 30 ಬುಟ್ಟಿ ಹಾಕಿದೆ, ಅಸಿಸ್ಟ್ 41 ಎಂದಿದ್ದರೆ ಅದನ್ನು ಯಾರೋ ಕೂತು ಬರೆದದ್ದು.

5. ಪ್ಲಸ್-ಮೈನಸ್ ಕೂಡಿ. ಒಂದು ತಂಡದ ಎಲ್ಲರ ಪ್ಲಸ್-ಮೈನಸ್ ಕೂಡಿದರೆ, ಗೆಲುವಿನ ಅಂತರದ ಐದು ಪಟ್ಟು ಬರಬೇಕು. ಯಾಕೆಂದರೆ ಒಂದೊಂದು ಪಾಯಿಂಟೂ ಅಂಗಳದಲ್ಲಿದ್ದ ಐವರ ಲೆಕ್ಕಕ್ಕೂ ಸೇರುತ್ತದೆ.

ಈ ಐದನೆಯ ಲೆಕ್ಕಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಪಂದ್ಯವನ್ನು ತೆಗೆದುಕೊಳ್ಳಿ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. ಅಂತರ ಎರಡೇ ಪಾಯಿಂಟ್, ಅಂದರೆ ಒಂದೇ ಒಂದು ಬುಟ್ಟಿ. ಹಾಗಾಗಿ ಆ ಪಂದ್ಯದ ಭಾರತ ತಂಡದ ಪ್ಲಸ್-ಮೈನಸ್ ಮೊತ್ತ ಪ್ಲಸ್ 10 ಆಗಿರಲೇಬೇಕು. ಬೇರೆ ಮೊತ್ತ ಬರುವ ಪಟ್ಟಿ ಕಂಡರೆ ಅಲ್ಲೇ ನಿಲ್ಲಿಸಿ.

ಫಾರ್ವರ್ಡ್ 1: "100 ಪಾಯಿಂಟ್ ಹೊಡೆದ ಪಂದ್ಯದ ಅಪರೂಪದ ವಿಡಿಯೋ"

ನಿಜ ಎಷ್ಟು: 100 ಪಾಯಿಂಟ್ ನಿಜ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಶಿ ಊರಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಒಬ್ಬರೇ 100 ಗಳಿಸಿದರು. ತಂಡ ನ್ಯೂಯಾರ್ಕ್ ನಿಕ್ಸ್ ವಿರುದ್ಧ 169–147ರಿಂದ ಗೆದ್ದಿತು. ಫೀಲ್ಡ್ ಗೋಲ್ 63ರಲ್ಲಿ 36, ಫ್ರೀ ಥ್ರೋ 32ರಲ್ಲಿ 28. 72ಕ್ಕೆ 28 ಕೂಡಿಸಿ, ಸರಿಯಾಗಿ ನೂರು.

ಸುಳ್ಳು ಎಷ್ಟು: ಆ ಪಂದ್ಯ ಟಿವಿಯಲ್ಲಿ ಬಂದಿರಲಿಲ್ಲ, ಅದರ ಚಲಿಸುವ ಚಿತ್ರ ಯಾವುದೂ ಸಿಕ್ಕಿಲ್ಲ. ಉಳಿದಿರುವುದು ಕೊನೆಯ ಭಾಗದ ರೇಡಿಯೋ ವಿವರಣೆ, ಮತ್ತು "100" ಎಂದು ಬರೆದ ಕಾಗದ ಹಿಡಿದು ಚೇಂಬರ್ಲೇನ್ ಕೂತಿರುವ ಪ್ರಸಿದ್ಧ ಫೋಟೋ. ವಿಡಿಯೋ ಎಂದು ಬರುವುದು ಅವರ ಬೇರೆ ಪಂದ್ಯದ ತುಣುಕಾಗಿರುತ್ತದೆ, ಇಲ್ಲವೇ ಈಚೆಗೆ ತಯಾರಿಸಿದ್ದು.

ಆ ಪಂದ್ಯದ ಪಟ್ಟಿ ಎಂದು ಬಂದ ಚಿತ್ರದಲ್ಲಿ "ತ್ರೀ ಪಾಯಿಂಟ್ 12, ಬ್ಲಾಕ್ 15" ಎಂದಿದ್ದರೆ ಯೋಚನೆ ಮಾಡುವುದೇ ಬೇಡ. ಎನ್‌ಬಿಎಗೆ ತ್ರೀ ಪಾಯಿಂಟ್ ಗೆರೆ ಬಂದದ್ದು 1979–80ರಲ್ಲಿ. ಸ್ಟೀಲ್, ಬ್ಲಾಕ್ ಎಣಿಸಲು ಶುರು ಮಾಡಿದ್ದು 1973–74ರಲ್ಲಿ. 1962ರಲ್ಲಿ ಆ ಕಾಲಂಗಳೇ ಇರಲಿಲ್ಲ.

ಇದಕ್ಕೆ ತಿರುಗಾ ಮುರುಗಾ ಇನ್ನೊಂದು ಅಂಕಿಯಿದೆ. ಅದೇ ಋತುವಿನಲ್ಲಿ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದರು. ಪಂದ್ಯ ಇರುವುದೇ 48 ನಿಮಿಷ! ನೋಡಿದ ಕೂಡಲೇ ಸುಳ್ಳು ಅನ್ನಿಸುತ್ತದೆ, ಆದರೆ ನಿಜ. 80 ಪಂದ್ಯಗಳಲ್ಲಿ ಅವರು ಆಡಿದ್ದು 3,882 ನಿಮಿಷ. ಕೆಲವು ಪಂದ್ಯಗಳು ಹೆಚ್ಚುವರಿ ಅವಧಿಗೆ ಹೋದದ್ದರಿಂದ, ಮತ್ತು ಅವರು ಅಂಗಳ ಬಿಟ್ಟು ಹೊರಗೆ ಬಂದದ್ದೇ ಅಪರೂಪವಾದದ್ದರಿಂದ ಸರಾಸರಿ 48 ದಾಟಿತು. ವಿಚಿತ್ರ ಅನ್ನಿಸಿದ ಅಂಕಿಯೆಲ್ಲ ಸುಳ್ಳಲ್ಲ, ನಂಬುವಂತಿರುವ ಅಂಕಿಯೆಲ್ಲ ನಿಜವೂ ಅಲ್ಲ. ಕೂಡಿ ನೋಡಬೇಕು, ಅಷ್ಟೇ.

ಫಾರ್ವರ್ಡ್ 2: "ಬರೀ 4 ಪಾಯಿಂಟ್, ಇವನಿಗೆ ಯಾಕೆ ಕೋಟಿಗಟ್ಟಲೆ ಸಂಬಳ?"

ಪಾಯಿಂಟ್ ಕಾಲಂ ಒಂದನ್ನೇ ನೋಡಿ ಹಾಕುವ ಪ್ರಶ್ನೆ ಇದು. 2017ರ ಫೆಬ್ರುವರಿ 10ರಂದು ಮೆಂಫಿಸ್ ವಿರುದ್ಧ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಡ್ರೇಮಂಡ್ ಗ್ರೀನ್ ಗಳಿಸಿದ್ದು ನಾಲ್ಕೇ ಪಾಯಿಂಟ್. ಉಳಿದ ಕಾಲಂ ನೋಡಿ: 12 ರಿಬೌಂಡ್, 10 ಅಸಿಸ್ಟ್, 10 ಸ್ಟೀಲ್, 5 ಬ್ಲಾಕ್. ಮೂರು ವಿಭಾಗಗಳಲ್ಲಿ ಎರಡಂಕಿ ದಾಟಿದರೆ "ಟ್ರಿಪಲ್ ಡಬಲ್" ಅನ್ನುತ್ತಾರೆ. ಪಾಯಿಂಟಿನಲ್ಲಿ ಎರಡಂಕಿ ಮುಟ್ಟದೆಯೇ ಟ್ರಿಪಲ್ ಡಬಲ್ ಮಾಡಿದ್ದು ಎನ್‌ಬಿಎ ಚರಿತ್ರೆಯಲ್ಲಿ ಅದೇ ಮೊದಲು. ತಂಡ 122–107ರಿಂದ ಗೆದ್ದಿತು.

ಕಬಡ್ಡಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಜನವರಿ 5ರಂದು ನಡೆದ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು, ತಂಡದ ಮೊತ್ತದಲ್ಲಿ ಸುಮಾರು ಶೇ 58. ಎಲ್ಲರ ಬಾಯಲ್ಲೂ ಅವರದೇ ಹೆಸರು, ಅದು ನ್ಯಾಯವೇ. ಆದರೆ ಎದುರಾಳಿಯನ್ನು 33ಕ್ಕೆ ನಿಲ್ಲಿಸಿದ್ದು ಯಾರು? ಕಾಲು ಹಿಡಿದವರು, ಸರಪಳಿ ಕಟ್ಟಿ ನಿಂತವರು. ರೇಡರ್ ಹೆಜ್ಜೆ ಹಿಂದೆ ಇಡುವಂತೆ ಮಾಡಿದ ಡಿಫೆಂಡರನ ಕೆಲಸಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ.

ಫಾರ್ವರ್ಡ್ 3: "ಶೇ 100 ಗುರಿ! ಇವನನ್ನು ಮೀರಿಸುವವರಿಲ್ಲ"

ಶೇಕಡಾ ಲೆಕ್ಕ ಬಂದಾಗ ಹೊಲದ ಲೆಕ್ಕ ನೆನೆಸಿಕೊಳ್ಳಿ. ತೊಗರಿ ಬೆಳೆಯುವ ನಮ್ಮ ಕಡೆ "ನನಗೆ 15 ಕ್ವಿಂಟಲ್ ಬಂತು" ಅಂದರೆ ಕೇಳಿದವರು ಮೊದಲು ಕೇಳುವುದೇ "ಎಷ್ಟು ಎಕರೆಗೆ?" ಅಂತ. 5 ಎಕರೆಗೆ 15 ಕ್ವಿಂಟಲ್ ಬಂದರೆ ಎಕರೆಗೆ 3. 2 ಎಕರೆಗೆ 10 ಬಂದರೆ ಎಕರೆಗೆ 5. ಮೊತ್ತ ಕಡಿಮೆ, ಆದರೆ ಬೆಳೆ ಚೆನ್ನಾಗಿ ಬಂದದ್ದು ಎರಡನೆಯ ಹೊಲದಲ್ಲಿ.

ಆಟದಲ್ಲೂ ಹಾಗೆಯೇ. ಒಂದೇ ಒಂದು ಸಲ ಎಸೆದು ಅದು ಬಿದ್ದರೆ ಶೇ 100. ಇಪ್ಪತ್ತು ಸಲ ಎಸೆದು ಹನ್ನೊಂದು ಬಿದ್ದರೆ ಶೇ 55. ತಂಡದ ಭಾರ ಹೊತ್ತವನು ಎರಡನೆಯವನು.

ಇನ್ನೊಂದು ತಿರುವು ಇದೆ. 10 ಹತ್ತಿರದ ಎಸೆತಗಳಲ್ಲಿ 5 ಬಿದ್ದರೆ ಶೇ 50, ಪಾಯಿಂಟ್ 10. ದೂರದ 10 ಎಸೆತಗಳಲ್ಲಿ 4 ಬಿದ್ದರೆ ಶೇ 40, ಪಾಯಿಂಟ್ 12. ಶೇಕಡಾ ಕಡಿಮೆ ಇದ್ದವನೇ ಹೆಚ್ಚು ತಂದ. ಅದಕ್ಕೇ ಇತ್ತೀಚಿನ ಪಟ್ಟಿಗಳಲ್ಲಿ ಮೂರರ ಎಸೆತಕ್ಕೆ ಹೆಚ್ಚು ತೂಕ ಕೊಡುವ ಬೇರೆ ಲೆಕ್ಕವೂ ಇರುತ್ತದೆ.

ತಂಡಕ್ಕೂ ಇದೇ ನ್ಯಾಯ. 120 ಪಾಯಿಂಟ್ ಗಳಿಸಿದ ತಂಡ 100 ಗಳಿಸಿದ ತಂಡಕ್ಕಿಂತ ಚುರುಕು ಎಂದು ಹೇಳಲಾಗದು. ಅವಸರದಲ್ಲಿ ಆಡಿ ಹೆಚ್ಚು ಸಲ ಚೆಂಡು ಪಡೆದಿರಬಹುದು. ಹಾಗಾಗಿ ತಜ್ಞರು "ನೂರು ಸಲ ಚೆಂಡು ಸಿಕ್ಕರೆ ಎಷ್ಟು ಪಾಯಿಂಟ್?" ಎಂದು ಲೆಕ್ಕ ಹಾಕುತ್ತಾರೆ. ಅದು ಎಕರೆವಾರು ಇಳುವರಿ ಇದ್ದ ಹಾಗೆ. ಬೇರೆ ಬೇರೆ ಕಾಲದ ಆಟಗಾರರನ್ನು ಹೋಲಿಸುವಾಗಲೂ ಇದು ಬೇಕು. ಚೇಂಬರ್ಲೇನರ 100 ತಂಡದ 169ರಲ್ಲಿ ಶೇ 59. ಬ್ರಯಾಂಟರ 81 ತಂಡದ 122ರಲ್ಲಿ ಶೇ 66. ಹಾಗಾದರೆ ಯಾರು ದೊಡ್ಡವರು? ಯಾವ ಅಳತೆಗೋಲು ಹಿಡಿಯುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಫಾರ್ವರ್ಡ್ 4: "ಮೈನಸ್ 8! ಸೋಲಿಗೆ ಇವಳೇ ಕಾರಣ"

ಒಬ್ಬ ಆಟಗಾರ್ತಿ ಅಂಗಳಕ್ಕೆ ಇಳಿದಾಗ ಸ್ಕೋರು 20–15. ಹೊರಗೆ ಬಂದಾಗ 32–35. ಆ ಹೊತ್ತಿನಲ್ಲಿ ತಂಡ ಗಳಿಸಿದ್ದು 12, ಬಿಟ್ಟುಕೊಟ್ಟದ್ದು 20. ಆಕೆಯ ಹೆಸರಿನ ಮುಂದೆ ಮೈನಸ್ 8 ಬೀಳುತ್ತದೆ. ಆದರೆ ಅಂಗಳದಲ್ಲಿ ಆಕೆಯ ಜೊತೆ ಇನ್ನೂ ನಾಲ್ವರಿದ್ದರು. ಎದುರಾಳಿಯ ಅತ್ಯುತ್ತಮ ಐವರು ಆಡುತ್ತಿದ್ದ ಹೊತ್ತಿನಲ್ಲೇ ಆಕೆಯನ್ನು ಇಳಿಸಿರಬಹುದು.

ಪ್ಲಸ್-ಮೈನಸ್ ಬಹಳ ಪಂದ್ಯಗಳ ಮೇಲೆ ಸೇರಿಸಿ ನೋಡಿದಾಗ ಉಪಯೋಗಕ್ಕೆ ಬರುವ ಅಂಕಿ. ಒಂದು ಪಂದ್ಯದ ಮೈನಸ್ ಹಿಡಿದು ಒಬ್ಬರ ಹೆಸರು ಹಾಕಿ ಬೈದರೆ, ಸಾಲಿನಲ್ಲಿ ನಿಂತ ಐವರಲ್ಲಿ ಒಬ್ಬರಿಗೆ ಮಾತ್ರ ದಂಡ ಹಾಕಿದಂತಾಯಿತು. ತಾಲೂಕು ಮಟ್ಟದಲ್ಲಿ ಆಡುವ ಶಾಲೆಯ ಮಕ್ಕಳ ವಿಷಯದಲ್ಲಿ ಇದನ್ನು ಮಾಡಲೇಬೇಡಿ. ದೊಡ್ಡ ಆಟಗಾರರಿಗೆ ನಿಮ್ಮ ಮೆಸೇಜು ಮುಟ್ಟುವುದಿಲ್ಲ, ಊರಿನ ಮಗುವಿಗೆ ಮುಟ್ಟುತ್ತದೆ.

ಫಾರ್ವರ್ಡ್ 5: "ಅಂಕಿ ನೋಡಿ ಹೇಳಿದ ಪಕ್ಕಾ ಟಿಪ್, ಐದಕ್ಕೆ ಐದು ಸರಿ ಬಂದಿದೆ"

ಎಲ್ಲಕ್ಕಿಂತ ದುಬಾರಿಯಾದ ಫಾರ್ವರ್ಡ್ ಇದು. ಇದರ ಹಿಂದೆ ಎರಡು ವಿಷಯಗಳಿವೆ.

ಮೊದಲನೆಯದು, ಒಂದು ರಾತ್ರಿಯ ಅಂಕಿ ಮರುದಿನ ನಿಲ್ಲುವುದಿಲ್ಲ. ನೂರು ಹೊಡೆದ ರಾತ್ರಿ ಚೇಂಬರ್ಲೇನ್ ಫ್ರೀ ಥ್ರೋಗಳಲ್ಲಿ ಶೇ 87.5 ಬುಟ್ಟಿಗೆ ಹಾಕಿದರು. ಆ ಇಡೀ ಋತುವಿನ ಲೆಕ್ಕ ಶೇ 61, ಇಡೀ ವೃತ್ತಿಜೀವನದ್ದು ಶೇ 51. ಆ ಒಂದು ರಾತ್ರಿ ನೋಡಿ ಮುಂದಿನ ಪಂದ್ಯಕ್ಕೆ ಯಾರಾದರೂ ದುಡ್ಡು ಕಟ್ಟಿದ್ದರೆ ಮುಳುಗುತ್ತಿದ್ದರು. "ಕೈ ಕುದುರಿದೆ, ಇನ್ನು ಎಸೆದದ್ದೆಲ್ಲ ಬೀಳುತ್ತದೆ" ಎಂಬ ನಂಬಿಕೆಯನ್ನು 1985ರಲ್ಲಿ ಗಿಲೊವಿಚ್, ವಲೋನ್, ಟ್ವೆರ್ಸ್ಕಿ ಎಂಬ ಸಂಶೋಧಕರು ಪರೀಕ್ಷಿಸಿ, ಅದಕ್ಕೆ ಆಧಾರ ಸಿಗಲಿಲ್ಲ ಎಂದರು. 2018ರಲ್ಲಿ ಮಿಲ್ಲರ್, ಸಂಜುರ್ಜೊ ಎಂಬಿಬ್ಬರು ಆ ಲೆಕ್ಕದಲ್ಲಿದ್ದ ಒಂದು ದೋಷ ತೋರಿಸಿ, ಕೈ ಕುದುರುವುದು ಸ್ವಲ್ಪ ಮಟ್ಟಿಗೆ ಇರಬಹುದು ಎಂದರು. ಅಂದರೆ ಪಂಡಿತರಲ್ಲೇ ಇದು ಸಣ್ಣ ಅಂತರದ ಚರ್ಚೆ. "ಪಕ್ಕಾ" ಎಂದು ಯಾರೂ ಹೇಳಿಲ್ಲ.

ಎರಡನೆಯದು, ಐದಕ್ಕೆ ಐದು ಸರಿ ಬರಿಸುವ ಕೈಚಳಕ. ಮೋಸಗಾರ 1,600 ಜನರಿಗೆ ಮೆಸೇಜು ಕಳಿಸುತ್ತಾನೆ ಎನ್ನಿ. 800 ಜನಕ್ಕೆ "ಈ ತಂಡ ಗೆಲ್ಲುತ್ತದೆ", ಉಳಿದ 800 ಜನಕ್ಕೆ "ಆ ತಂಡ ಗೆಲ್ಲುತ್ತದೆ". ಪಂದ್ಯ ಮುಗಿದ ಮೇಲೆ ಸರಿ ಹೋದ 800 ಜನಕ್ಕೆ ಮಾತ್ರ ಮುಂದಿನ ಟಿಪ್, ಮತ್ತೆ ಅರ್ಧರ್ಧ. 800, 400, 200, 100, 50. ಐದು ಪಂದ್ಯ ಮುಗಿಯುವಾಗ 50 ಜನರ ಮೊಬೈಲಿನಲ್ಲಿ ಐದೂ ಸರಿಯಾದ ಭವಿಷ್ಯ ಕೂತಿರುತ್ತದೆ. ಅವರಿಗೆ ಅವನು ದೇವರಂತೆ ಕಾಣುತ್ತಾನೆ. ಆರನೆಯ ಟಿಪ್‌ಗೆ ದುಡ್ಡು ಕೇಳುತ್ತಾನೆ. ಅವನಿಗೆ ಆಟದ ಗಂಧವೂ ಗೊತ್ತಿರಬೇಕಾಗಿಲ್ಲ.

ನೆನಪಿರಲಿ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಆದಷ್ಟು ಬೇಗ ಕರೆ ಮಾಡಿ. ತಡವಾದಷ್ಟೂ ಹಣ ಮರಳುವ ದಾರಿ ಕಿರಿದಾಗುತ್ತದೆ. ಬಿತ್ತನೆಗೆಂದು ಇಟ್ಟ ದುಡ್ಡು, ಮಕ್ಕಳ ಫೀಸಿನ ದುಡ್ಡು ಇಂಥ ಟಿಪ್‌ಗೆ ಹೋಗಬಾರದು.

ನಮ್ಮ ಶಾಲೆ ತಂಡಕ್ಕೂ ಪಟ್ಟಿ ಬರೆಯಬಹುದೇ?

ಖಂಡಿತ. ಆ್ಯಪ್ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ಆಟದ ಮೇಲೆ ಕಣ್ಣಿಟ್ಟ ಇಬ್ಬರು ಸಾಕು. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು.

• ಎಡಕ್ಕೆ ಹೆಸರು, ಬಲಕ್ಕೆ ಕಾಲಂ ಹಾಕಿ. ಆದ ಒಂದೊಂದಕ್ಕೆ ಒಂದು ಗೀಟು. ನಾಲ್ಕು ಗೀಟಿನ ಮೇಲೆ ಐದನೆಯದನ್ನು ಅಡ್ಡ ಎಳೆದರೆ ಎಣಿಸಲು ಸುಲಭ.
• ಬಿದ್ದ ಎಸೆತದಷ್ಟೇ ತಪ್ಪಿದ ಎಸೆತವನ್ನೂ ಬರೆಯಿರಿ. ತಪ್ಪಿದ್ದನ್ನು ಬಿಟ್ಟರೆ ಶೇಕಡಾ ಲೆಕ್ಕ ಬರುವುದಿಲ್ಲ.
• ಕಬಡ್ಡಿಗಾದರೆ ರೇಡ್ ಎಷ್ಟು, ಅದರಲ್ಲಿ ಪಾಯಿಂಟ್ ತಂದದ್ದು ಎಷ್ಟು, ಖಾಲಿ ಬಂದದ್ದು ಎಷ್ಟು, ಟ್ಯಾಕಲ್ ಮಾಡಲು ಹೋದದ್ದು ಎಷ್ಟು, ಹಿಡಿದದ್ದು ಎಷ್ಟು ಎಂದು ಬರೆಯಿರಿ.
• ಒಂದು ಪಂದ್ಯ ನೋಡಿ ಯಾರನ್ನೂ ತಂಡದಿಂದ ತೆಗೆಯಬೇಡಿ. ಐದಾರು ಪಂದ್ಯದ ಲೆಕ್ಕ ಸೇರಲಿ.

ಹೀಗೆ ಬರೆದಾಗ ಹೆಚ್ಚಾಗಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಪಾಯಿಂಟ್ ಕಾಲಂನಲ್ಲಿ ಸೊನ್ನೆ ಇರುವ ಹುಡುಗಿಯೇ ಪಾಸ್ ಕೊಡುವುದರಲ್ಲಿ, ಚೆಂಡು ಕಸಿಯುವುದರಲ್ಲಿ ಮುಂದಿರಬಹುದು. ಕಾಲಂ ಹಾಕದಿದ್ದರೆ ಆಕೆ ಆಯ್ಕೆಯ ದಿನ ಮನೆಗೆ ಹೋಗುತ್ತಿದ್ದಳು. ಅಂಕಿ-ಅಂಶದ ನಿಜವಾದ ಉಪಯೋಗ ಇದು: ಗದ್ದಲದಲ್ಲಿ ಕಾಣದವರನ್ನು ಕಾಣಿಸುವುದು.

ಕಳಿಸುವ ಮುನ್ನ ಕೇಳಿಕೊಳ್ಳಿ

1. ಯಾವ ಪಂದ್ಯ, ಯಾವ ದಿನ, ಯಾವ ಊರು ಎಂದು ಬರೆದಿದೆಯೇ?
2. ಪಾಯಿಂಟ್ ಕೂಡಿದರೆ ಮೊತ್ತ ಬರುತ್ತದೆಯೇ?
3. ಆ ಕಾಲದಲ್ಲಿ ಆ ಕಾಲಂ ಇತ್ತೇ?
4. ಶೇಕಡಾ ಇದ್ದರೆ, ಎಷ್ಟರಲ್ಲಿ ಎಷ್ಟು?
5. ಕೊನೆಗೆ ಲಿಂಕ್ ಒತ್ತಲು, ದುಡ್ಡು ಹಾಕಲು ಹೇಳುತ್ತಿದೆಯೇ?

ಮೊದಲ ನಾಲ್ಕಕ್ಕೆ ಉತ್ತರ ಸಿಗದಿದ್ದರೆ ಕಳಿಸಬೇಡಿ. ಐದನೆಯದಕ್ಕೆ "ಹೌದು" ಎಂದಾದರೆ ಡಿಲೀಟ್ ಮಾಡಿ, ಕಳಿಸಿದವರಿಗೂ ತಿಳಿಸಿ. ಅವರು ನಿಮ್ಮ ಕಾಕಾ ಆಗಿರಲಿ, ಮಾವ ಆಗಿರಲಿ, ಗ್ರೂಪಿನಲ್ಲಿ ನಾಲ್ಕು ಜನರ ಮುಂದೆ ಅವಮಾನ ಮಾಡದೆ ಬೇರೆಯಾಗಿ ಮೆಸೇಜು ಹಾಕಿ.

ನಮ್ಮ ತೀರ್ಮಾನ: ಸ್ಕೋರ್‌ಕಾರ್ಡ್ ನಿನ್ನೆ ಏನಾಯಿತು ಎಂಬುದರ ಲೆಕ್ಕಪುಸ್ತಕ. ಸರಿಯಾಗಿ ಬರೆದಿದ್ದರೆ ಅದು ಸುಳ್ಳು ಹೇಳುವುದಿಲ್ಲ. ಒಂದೇ ಕಾಲಂ ಹಿಡಿದು ತೀರ್ಪು ಕೊಡುವವರು, ನಾಳೆಯ ಗ್ಯಾರಂಟಿ ಮಾರುವವರು ಹೇಳುತ್ತಾರೆ.